ಚೌಕ ಬಿಟ್ಟ ಅಂಗಡಿ, ಚೌಕಕ್ಕೆ ಮರಳಿದ ಹಣ

ಬೇಸಿಗೆಯ ಶನಿವಾರದ ಬೆಳಗು. ಅಮೆರಿಕದ ಅರ್ಕಾನ್ಸಾ ರಾಜ್ಯದ ವಾಯವ್ಯ ಮೂಲೆಯಲ್ಲಿರುವ ಬೆಂಟನ್‌ವಿಲ್ ಊರಿನ ನಡುಚೌಕದಲ್ಲಿ ರೈತರು ಡೇರೆ ಹೊಡೆದು ಟೊಮೆಟೊ, ಪೀಚ್, ಜೇನುತುಪ್ಪ, ಹೂವಿನ ಕಟ್ಟುಗಳನ್ನು ಜೋಡಿಸುತ್ತಿದ್ದಾರೆ. ಕಾಡುದಾರಿಯಲ್ಲಿ ಸೈಕಲ್ ತುಳಿದು ಬಂದವರು ಮೊಣಕಾಲಿನ ಕೆಸರನ್ನೂ ಒರೆಸಿಕೊಳ್ಳದೆ ಕಾಫಿಗೆ ಸಾಲು ನಿಂತಿದ್ದಾರೆ. ಹುಲ್ಲುಹಾಸಿನ ಮೇಲೆ ಮಕ್ಕಳ ಓಟ. ಸೀರೆಯ ಜೊತೆ ಸ್ಪೋರ್ಟ್ಸ್ ಶೂ ತೊಟ್ಟು, ಮೊಮ್ಮಗುವಿನ ತಳ್ಳುಬಂಡಿ ಕಾಯುತ್ತ ಬೆಂಚಿನ ಮೇಲೆ ಕೂತ ಭಾರತದ ಅಜ್ಜಿಯರೂ ಅಲ್ಲಲ್ಲಿ ಕಾಣುತ್ತಾರೆ. ಊರಿನ ದೊಡ್ಡ ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸಕ್ಕಿರುವ ಮಕ್ಕಳನ್ನು ನೋಡಲು ಬಂದವರು ಅವರು.

ಚೌಕದ ಪೂರ್ವಕ್ಕೆ 1928ರಲ್ಲಿ ಕಟ್ಟಿದ ಕೌಂಟಿ ನ್ಯಾಯಾಲಯ. ಪಶ್ಚಿಮದ ಸಾಲಿನಲ್ಲಿ ಒಂದು ಸಣ್ಣ ಹಳೇ ಅಂಗಡಿ. ಹಣೆಯ ಮೇಲೆ 'ವಾಲ್ಟನ್ಸ್ 5–10' ಎಂಬ ಫಲಕ. ಜಗತ್ತಿನ ಅತಿ ದೊಡ್ಡ ಚಿಲ್ಲರೆ ವ್ಯಾಪಾರ ಸಂಸ್ಥೆಯಾದ ವಾಲ್‌ಮಾರ್ಟ್‌ನ ಬೇರು ಇರುವುದು ಈ ಅಂಗಡಿಯಲ್ಲಿ.

ಇವೆರಡರ ನಡುವೆ ಇರುವುದು ಒಂದು ಉದ್ಯಾನದಷ್ಟು ಜಾಗ ಮಾತ್ರ. ಅಮೆರಿಕದ ಸಣ್ಣ ಊರುಗಳ ಪೇಟೆ ಹೇಗೆ ಹುಟ್ಟಿತು, ಹೇಗೆ ಬರಿದಾಯಿತು, ಕೆಲವು ಕಡೆಯಾದರೂ ಮತ್ತೆ ಹೇಗೆ ತುಂಬಿಕೊಂಡಿತು ಎಂಬುದನ್ನು ಅಷ್ಟು ಜಾಗದಲ್ಲೇ ತಿಳಿಯಬಹುದು. ಕೋರ್ಟು ಚೌಕವನ್ನು ಹುಟ್ಟಿಸಿತು. ಅಂಗಡಿ ಬೆಳೆದು ಊರಾಚೆ ಹೋಯಿತು. ಹೋಗುವಾಗ ನೂರಾರು ಊರುಗಳ ಪೇಟೆಯ ವ್ಯಾಪಾರವನ್ನೂ ಜೊತೆಗೆ ಒಯ್ದಿತು. ಆ ಅಂಗಡಿಯಿಂದ ಬಂದ ಸಂಪತ್ತೇ ಕೊನೆಗೆ ಈ ಒಂದು ಚೌಕಕ್ಕೆ ಜೀವ ತುಂಬಿತು.

ನಕ್ಷೆಯ ನಡುವೆ ಬಿಟ್ಟ ಜಾಗ

ಅಮೆರಿಕದ ಸಿನಿಮಾ ನೋಡುವವರಿಗೆ ಇಂಥ ಚೌಕ ಹೊಸದಲ್ಲ. 1985ರ 'ಬ್ಯಾಕ್ ಟು ದ ಫ್ಯೂಚರ್' ಚಿತ್ರದಲ್ಲಿ ಸಿಡಿಲು ಬಡಿಯುವ ಗಡಿಯಾರದ ಗೋಪುರ ಇರುವುದು ಇಂಥದೇ ಚೌಕದಲ್ಲಿ. ಟೆನೆಸಿಯಿಂದ ಟೆಕ್ಸಸ್‌ವರೆಗೆ ಊರಿನಿಂದೂರಿಗೆ ಹೋದರೂ ಅದೇ ವಿನ್ಯಾಸ ಎದುರಾಗುತ್ತದೆ: ನಡುವೆ ಅಥವಾ ಒಂದು ಮಗ್ಗುಲಿಗೆ ಕೋರ್ಟು, ಸುತ್ತ ನಾಲ್ಕು ಬೀದಿ, ಬೀದಿಯುದ್ದಕ್ಕೂ ಒಂದಕ್ಕೊಂದು ಆತುಕೊಂಡ ಇಟ್ಟಿಗೆಯ ಅಂಗಡಿಗಳು.

ಇದಕ್ಕೆ ಕಾರಣ ಆಡಳಿತ. ಅಮೆರಿಕದ ರಾಜ್ಯಗಳು ಕೌಂಟಿಗಳಾಗಿ ಹಂಚಿಹೋಗಿವೆ. ಕೆಲಸದ ದೃಷ್ಟಿಯಿಂದ ಅವು ನಮ್ಮ ಜಿಲ್ಲೆಗಳಿಗೆ ಹತ್ತಿರ, ಗಾತ್ರದಲ್ಲಿ ಎಷ್ಟೋ ಕಡೆ ತಾಲ್ಲೂಕಿನಷ್ಟೇ. ದೇಶದಲ್ಲಿ ಅಂಥ 3,100ಕ್ಕೂ ಹೆಚ್ಚು ಘಟಕಗಳಿವೆ. ಟೆಕ್ಸಸ್ ಒಂದರಲ್ಲೇ 254, ಅರ್ಕಾನ್ಸಾದಲ್ಲಿ 75. ಸಾಮಾನ್ಯವಾಗಿ ಪ್ರತಿ ಕೌಂಟಿಗೂ ಒಂದು ಕೇಂದ್ರ ಊರು. ಮೊಕದ್ದಮೆ, ಜಮೀನಿನ ಪತ್ರ, ತೆರಿಗೆ, ಮದುವೆಯ ಪರವಾನಗಿ, ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. ಕುದುರೆಯ ಕಾಲದಲ್ಲಿ ರೈತನಿಗೆ ಕೌಂಟಿ ಕೇಂದ್ರ ತೀರ ದೂರವಾಗಬಾರದೆಂಬ ಯೋಚನೆಯೂ ಕೌಂಟಿಗಳನ್ನು ಚಿಕ್ಕದಾಗಿ ಇಡಿಸಿತು.

1785ರ ಭೂಸುಗ್ರೀವಾಜ್ಞೆಯ ಪ್ರಕಾರ ಪಶ್ಚಿಮದ ನೆಲವನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ ಅಳೆಯಲಾಯಿತು. ಊರು ಕಟ್ಟುವಾಗಲೂ ಮೋಜಣಿದಾರರು ಅದೇ ಚೌಕಾಕಾರದ ಲೆಕ್ಕಾಚಾರವನ್ನು ತಂದರು. ನಕ್ಷೆಯ ನಡುವಿನ ಒಂದು ಭಾಗವನ್ನು ಕೌಂಟಿಗೆ ಬಿಟ್ಟು, ಉಳಿದದ್ದನ್ನು ನಿವೇಶನಗಳಾಗಿ ಮಾರುತ್ತಿದ್ದರು. ಆ ಮಾರಾಟದ ಹಣದಲ್ಲೇ ಎಷ್ಟೋ ಊರುಗಳು ಕೋರ್ಟು ಕಟ್ಟಿದವು. ಚೌಕಕ್ಕೆ ಮುಖ ಮಾಡಿದ ನಿವೇಶನಕ್ಕೆ ಸಹಜವಾಗಿಯೇ ಬೇಡಿಕೆ ಹೆಚ್ಚು.

ಇಂಥ ಚೌಕಗಳ ಜಾಡು ಹಿಡಿದು ಹೊರಟ ಭೂಗೋಳ ವಿದ್ವಾಂಸ ಎಡ್ವರ್ಡ್ ಪ್ರೈಸ್ 1968ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಕೋರ್ಟು ನಟ್ಟನಡುವೆ, ಅಂಗಡಿ ನಾಲ್ಕೂ ಸುತ್ತ ಇರುವ ವಿನ್ಯಾಸಕ್ಕೆ ಅವರು ಮಾದರಿಯಾಗಿ ಗುರುತಿಸಿದ್ದು 1810ರಲ್ಲಿ ರೂಪುಗೊಂಡ ಟೆನೆಸಿಯ ಶೆಲ್ಬಿವಿಲ್ ಊರನ್ನು. ವಲಸಿಗರು ಪಶ್ಚಿಮಕ್ಕೆ, ದಕ್ಷಿಣಕ್ಕೆ ಸರಿದಂತೆ ಈ ವಿನ್ಯಾಸವೂ ಅವರ ಜೊತೆ ಹೋಯಿತು. 1830ರ ದಶಕದ ಕೊನೆಗೆ ಹುಟ್ಟಿದ ಬೆಂಟನ್‌ವಿಲ್ ಸ್ವಲ್ಪ ಬೇರೆ ಬಗೆಯದು. ಅಲ್ಲಿ ನಡುವೆ ಉದ್ಯಾನ, ಪಕ್ಕದಲ್ಲಿ ಕೋರ್ಟು.

ಕೆಲಸವಿತ್ತು, ಬರುತ್ತಿದ್ದರು

ಹಳೆಯ ಚೌಕವನ್ನು ಅರ್ಥ ಮಾಡಿಕೊಳ್ಳಲು ಅಲ್ಲಿಗೆ ಜನ ಏಕೆ ಬರುತ್ತಿದ್ದರು ಎಂದು ಕೇಳಿಕೊಳ್ಳಬೇಕು. ತಾಲ್ಲೂಕು ಕಚೇರಿಯ ಅಂಗಳದಲ್ಲೇ ವಾರದ ಸಂತೆಯೂ ಕೂಡಿದರೆ ಹೇಗಿರುತ್ತದೋ, ಕೋರ್ಟು ಕಲಾಪದ ದಿನ ಚೌಕ ಹಾಗಿರುತ್ತಿತ್ತು. ಸಾಕ್ಷಿ ಹೇಳಲು ಬಂದವನು ಕುದುರೆಗೆ ಲಾಳ ಕಟ್ಟಿಸುತ್ತಿದ್ದ. ತೆರಿಗೆ ತುಂಬಲು ಬಂದ ಕುಟುಂಬ ಮೊಟ್ಟೆ, ಬೆಣ್ಣೆ ಮಾರಿ ಬಟ್ಟೆ ಕೊಳ್ಳುತ್ತಿತ್ತು. ಕೆಳಗೆ ಮೊಳೆ, ಸೋಪು, ಔಷಧಿಯ ಅಂಗಡಿ. ಮೇಲೆ ವಕೀಲರ ಕೋಣೆ, ಹಲ್ಲಿನ ವೈದ್ಯರು, ಊರಿನ ಸಂಘದ ಸಭಾಂಗಣ. ಚುನಾವಣೆಯ ಭಾಷಣ, ಜಾನುವಾರು ಮಾರಾಟ, ಬಾಕಿ ಜಮೀನಿನ ಹರಾಜು ಎಲ್ಲವೂ ಕೋರ್ಟಿನ ಮೆಟ್ಟಿಲ ಆಸುಪಾಸಿನಲ್ಲೇ.

ಬೆಂಟನ್ ಕೌಂಟಿಯ ರೈತರ ಗಾಡಿಗಳಲ್ಲಿ ಸೇಬು ತುಂಬಿರುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಸೀಮೆ ಸೇಬಿಗೆ ಹೆಸರಾಗಿತ್ತು. 1901ರಲ್ಲಿ ಅರ್ಕಾನ್ಸಾ ಸೇಬಿನ ಹೂವನ್ನೇ ರಾಜ್ಯದ ಹೂವನ್ನಾಗಿ ಆರಿಸಿಕೊಂಡಿತು.

ಚೌಕ ನೋಡಲು ಚೆಂದವೆಂದು ಯಾರೂ ಗಾಡಿ ಹೂಡಿಕೊಂಡು ಬರುತ್ತಿರಲಿಲ್ಲ. ನಾಲ್ಕು ಕೆಲಸ ನಾಲ್ಕು ಹೆಜ್ಜೆಯೊಳಗೆ ಮುಗಿಯುತ್ತಿತ್ತು, ಅದಕ್ಕೇ ಬರುತ್ತಿದ್ದರು. ಪೇಟೆಯ ಚೆಲುವು ಆ ಓಡಾಟದಿಂದ ಹುಟ್ಟಿದ್ದು.

ತಲೆಯೆತ್ತಿ ನೋಡಬೇಕು

ಚೌಕಕ್ಕೆ ಹೋದವರು ಸಾಮಾನ್ಯವಾಗಿ ಅಂಗಡಿಯ ಗಾಜಿನೊಳಗೆ ಇಣುಕುತ್ತಾರೆ. ಕಟ್ಟಡದ ಕತೆ ಇರುವುದು ಅದಕ್ಕಿಂತ ಮೇಲೆ. ಅಗಲ ಕಡಿಮೆ, ಆಳ ಹೆಚ್ಚು ಎನ್ನುವ ಕಟ್ಟಡಗಳು ಇವು. ಚೌಕದತ್ತ ಮುಖ ಇರುವ ಜಾಗ ದುಬಾರಿಯಾದ್ದರಿಂದ ಆದಷ್ಟು ಹೆಚ್ಚು ಅಂಗಡಿಗಳು ಅದನ್ನು ಹಂಚಿಕೊಂಡವು. ಗೋಡೆಗಳೂ ಪಕ್ಕದವರೊಂದಿಗೆ ಹಂಚಿಕೊಂಡವೇ. ಮರದ ಅಂಗಡಿಗಳ ಸಾಲಿಗೆ ಬೆಂಕಿ ಬಿದ್ದು ಪೇಟೆಯೇ ಸುಟ್ಟುಹೋದ ಮೇಲೆ ಎಷ್ಟೋ ಊರುಗಳು ಇಟ್ಟಿಗೆಗೆ ತಿರುಗಿದವು.

ಬಾಗಿಲು ಬೀದಿಯಿಂದ ಒಂದೆರಡು ಹೆಜ್ಜೆ ಒಳಗಿರುತ್ತದೆ. ಮಳೆಯಲ್ಲಿ ಗಿರಾಕಿಗೆ ನಿಲ್ಲಲು ಜಾಗವಾಯಿತು, ಎರಡೂ ಪಕ್ಕ ಸರಕು ತೋರಿಸಲು ಗಾಜೂ ಸಿಕ್ಕಿತು. ಬಾಗಿಲ ಮೇಲಿನ ಸಣ್ಣ ಕಿಟಕಿಗಳು ವಿದ್ಯುತ್ ದೀಪ ಬರುವ ಮುಂಚೆ ಬೆಳಕನ್ನು ಅಂಗಡಿಯ ಆಳಕ್ಕೆ ಕಳಿಸುತ್ತಿದ್ದವು. ತುತ್ತತುದಿಯಲ್ಲಿ ಕಟ್ಟಿಸಿದವರ ಹೆಸರೋ ಇಸವಿಯೋ ಇರುತ್ತದೆ. ಪಕ್ಕದ ಗೋಡೆಯ ಇಟ್ಟಿಗೆಯಲ್ಲಿ, ಅರ್ಧ ಅಳಿಸಿದ ಬಣ್ಣದಲ್ಲಿ, ಯಾವತ್ತೋ ನಿಂತುಹೋದ ಹಿಟ್ಟಿನದೋ ಹೊಗೆಸೊಪ್ಪಿನದೋ ಜಾಹೀರಾತು ಉಳಿದಿರಬಹುದು.

ಕಲ್ಲಿನಂತೆ ಕಾಣುವ ಕೆತ್ತನೆಯನ್ನು ಬೆರಳಿಂದ ತಟ್ಟಿದರೆ ತಗಡಿನ ಸದ್ದು ಬರುವುದೂ ಉಂಟು. ಸೇಂಟ್ ಲೂಯಿಸ್‌ನ ಮೆಸ್ಕರ್ ಬ್ರದರ್ಸ್‌ನಂಥ ಕಂಪನಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಟ್ಟಡದ ಇಡೀ ಮುಂಭಾಗವನ್ನು ಲೋಹದಲ್ಲಿ ತಯಾರಿಸಿ ಕ್ಯಾಟಲಾಗ್ ಮೂಲಕ ಮಾರುತ್ತಿದ್ದವು. ರೈಲಿನಲ್ಲಿ ಬಂದಿಳಿದ ತುಂಡುಗಳನ್ನು ಊರಿನ ಕೆಲಸಗಾರರೇ ಜೋಡಿಸುತ್ತಿದ್ದರು. ಹೀಗೆ ಸಾವಿರ ಜನರ ಊರಿಗೂ ದೊಡ್ಡ ನಗರದ ಠೀವಿ ಅಗ್ಗಕ್ಕೆ ಸಿಕ್ಕಿತು.

ನೆರಳಿದ್ದ ಅಂಗಳ

ಈ ಅಂಗಳ ಎಲ್ಲರಿಗೂ ಒಂದೇ ಆಗಿರಲಿಲ್ಲ. 1908ರಲ್ಲಿ ಬೆಂಟನ್‌ವಿಲ್ ಚೌಕದ ನಡುವೆ ದಕ್ಷಿಣದ ಒಕ್ಕೂಟದ ಸೈನಿಕನೊಬ್ಬನ ಪ್ರತಿಮೆ ಎದ್ದಿತು. ಗುಲಾಮಗಿರಿಯ ಪರ ನಿಂತ ಆ ಒಕ್ಕೂಟ ಅಂತರ್ಯುದ್ಧದಲ್ಲಿ ಸೋತದ್ದು 1865ರಲ್ಲಿ. ಬೆಂಟನ್‌ವಿಲ್‌ಗೆ ಹತ್ತಿರದ ಪೀ ರಿಜ್‌ನಲ್ಲಿ 1862ರ ಮಾರ್ಚಿನಲ್ಲಿ ದೊಡ್ಡ ಕಾಳಗವೇ ನಡೆದಿತ್ತು. ಆದರೆ ದಕ್ಷಿಣದ ಚೌಕಗಳ ಪ್ರತಿಮೆಗಳಲ್ಲಿ ಹೆಚ್ಚಿನವು ಎದ್ದದ್ದು ಯುದ್ಧ ಮುಗಿದು ದಶಕಗಳಾದ ಮೇಲೆ, ಕರಿಯರ ಮತದಾನದ ಹಕ್ಕನ್ನು ಕಸಿದು ಪ್ರತ್ಯೇಕತೆಯ ಕಾನೂನು ಹೇರುತ್ತಿದ್ದ ಕಾಲದಲ್ಲಿ. ಅವನ್ನು ಕೋರ್ಟಿನ ಎದುರೇ ನಿಲ್ಲಿಸಿದ್ದರಲ್ಲಿ, ನ್ಯಾಯ ಯಾರ ಕೈಯಲ್ಲಿದೆ ಎಂಬ ಎಚ್ಚರಿಕೆಯೂ ಇತ್ತು.

ಎಚ್ಚರಿಕೆ ಪ್ರತಿಮೆಗೇ ನಿಲ್ಲುತ್ತಿರಲಿಲ್ಲ. 1916ರಲ್ಲಿ ಟೆಕ್ಸಸ್‌ನ ವೇಕೋದಲ್ಲಿ ಜೆಸ್ಸಿ ವಾಷಿಂಗ್ಟನ್ ಎಂಬ ಕರಿಯ ಹುಡುಗನನ್ನು ಗುಂಪು ನ್ಯಾಯಾಲಯದ ಕೋಣೆಯಿಂದಲೇ ಎಳೆದೊಯ್ದು, ಪುರಭವನದ ಬಳಿ ಸಾವಿರಾರು ಜನರ ಕಣ್ಣೆದುರು ಸುಟ್ಟು ಕೊಂದಿತು.

ಇಂಥ ಇತಿಹಾಸವನ್ನು ಮುಚ್ಚಿಡದ ಊರುಗಳೂ ಇವೆ. ಹಾರ್ಪರ್ ಲೀ ಅವರ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಕಾದಂಬರಿಯ ಹಿಂದಿರುವ ಊರು ಅಲಬಾಮಾದ ಮನ್ರೋವಿಲ್. ಅಲ್ಲಿನ ಚೌಕದ ಹಳೇ ಕೋರ್ಟು ಈಗ ವಸ್ತುಸಂಗ್ರಹಾಲಯ. ಆ ಕತೆಯ ನಾಟಕವನ್ನು ಊರಿನವರೇ ಆಡುತ್ತ ಬಂದಿದ್ದಾರೆ. ಬೆಂಟನ್‌ವಿಲ್‌ನ ಪ್ರತಿಮೆ 2020ರ ಸೆಪ್ಟೆಂಬರಿನಲ್ಲಿ ಚೌಕದಿಂದ ತೆರವಾಯಿತು.

ಮೂರು ಸಾವಿರ ಜನರ ಊರಿಗೆ ಬಂದ ವ್ಯಾಪಾರಿ

1950ರ ಜನಗಣತಿಯಲ್ಲಿ ಬೆಂಟನ್‌ವಿಲ್‌ನ ಜನಸಂಖ್ಯೆ 2,942. ಅದೇ ವರ್ಷ ಸ್ಯಾಮ್ ವಾಲ್ಟನ್ ಎಂಬ 32ರ ವ್ಯಾಪಾರಿ ಹೆಂಡತಿ ಹೆಲೆನ್, ಮಕ್ಕಳೊಂದಿಗೆ ಇಲ್ಲಿಗೆ ಬಂದರು. ಅದಕ್ಕೂ ಮುಂಚೆ ಅರ್ಕಾನ್ಸಾದ ಇನ್ನೊಂದು ಮೂಲೆಯ ನ್ಯೂಪೋರ್ಟ್‌ನಲ್ಲಿ ಅವರ ಅಂಗಡಿ ಚೆನ್ನಾಗಿಯೇ ನಡೆದಿತ್ತು. ಬಾಡಿಗೆ ಕರಾರು ಐದು ವರ್ಷದ್ದು. ಅವಧಿ ಮುಗಿದಾಗ ಮಾಲೀಕರು ಮುಂದುವರಿಸಲಿಲ್ಲ. ಕಟ್ಟಿದ ವ್ಯಾಪಾರ ಕೈತಪ್ಪಿತು.

ಹತ್ತು ಸಾವಿರಕ್ಕಿಂತ ದೊಡ್ಡ ಊರು ಬೇಡವೆಂಬುದು ಹೆಲೆನ್ ಅವರ ಷರತ್ತು. ತಮ್ಮ ತವರಿನ ಕಡೆಗೆ ಹತ್ತಿರವಿರಲಿ ಎಂಬುದೂ ಅವರ ಬಯಕೆ. ಸ್ಯಾಮ್‌ಗೆ ಕೌಜುಗದ ಬೇಟೆಯ ಹುಚ್ಚು. ನಾಲ್ಕು ರಾಜ್ಯಗಳು ಕೂಡುವ ಈ ಮೂಲೆಯಲ್ಲಿ ಬೇಟೆಯ ಋತು ಒಂದಾದ ಮೇಲೊಂದು ಸಿಗುತ್ತಿತ್ತು. ಚೌಕದಲ್ಲಿ ಮಾರಾಟಕ್ಕಿದ್ದ ಹಳೇ ಅಂಗಡಿ ಕೊಂಡರು. ಪಕ್ಕದ ಕ್ಷೌರದಂಗಡಿಯ ಜಾಗವನ್ನೂ ಸೇರಿಸಿಕೊಳ್ಳುವಾಗ ಈ ಬಾರಿ ಮಾಡಿಸಿಕೊಂಡದ್ದು 99 ವರ್ಷದ ಕರಾರು.

ಐದು ಸೆಂಟಿಗೆ, ಹತ್ತು ಸೆಂಟಿಗೆ ಸಿಗುವ ಸಣ್ಣಪುಟ್ಟ ಸಾಮಾನಿನ ಅಂಗಡಿಗಳು ಆಗ ಪ್ರತಿ ಪೇಟೆಯಲ್ಲೂ ಇದ್ದವು. ವಾಲ್ಟನ್ ಅಂಗಡಿಯ ವಿಶೇಷ ಬೇರೆಯದು. ಅಂದಿನ ಅಂಗಡಿಯಲ್ಲಿ ಗಿರಾಕಿ ಕೇಳಬೇಕು, ಕಟ್ಟೆಯ ಹಿಂದಿನವರು ತೆಗೆದುಕೊಡಬೇಕು. ಮಿನೆಸೋಟಾದ ಎರಡು ಅಂಗಡಿಗಳಲ್ಲಿ ಗಿರಾಕಿಗಳೇ ಬೇಕಾದ್ದನ್ನು ಎತ್ತಿಕೊಂಡು ಬಾಗಿಲ ಬಳಿ ಹಣ ಕೊಡುತ್ತಾರೆಂದು ಓದಿದ ಸ್ಯಾಮ್, ರಾತ್ರಿ ಬಸ್ಸು ಹತ್ತಿ ಹೋಗಿ ಕಣ್ಣಾರೆ ನೋಡಿ ಬಂದರು. ಚೌಕದ ಅಂಗಡಿಯನ್ನೂ ಹಾಗೆಯೇ ಮಾಡಿದರು. ಸಿಬ್ಬಂದಿ ಕಡಿಮೆ, ಖರ್ಚು ಕಡಿಮೆ, ಆದ್ದರಿಂದ ಬೆಲೆಯೂ ಕಡಿಮೆ. ಇವತ್ತು ಬೆಂಗಳೂರಿನಿಂದ ಬೀದರ್‌ವರೆಗೆ ಸೂಪರ್‌ಮಾರ್ಕೆಟ್‌ನಲ್ಲಿ ಬುಟ್ಟಿ ಹಿಡಿದು ಓಡಾಡುವವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಆಗ ಅದು ಸುದ್ದಿಯಾಗುವಂಥದ್ದು.

ಹೆದ್ದಾರಿಗೆ ಸರಿದ ವ್ಯಾಪಾರ

1962ರ ಜುಲೈನಲ್ಲಿ ಮೊದಲ ವಾಲ್‌ಮಾರ್ಟ್ ತೆರೆದದ್ದು ಪಕ್ಕದ ರೋಜರ್ಸ್ ಊರಿನಲ್ಲಿ. ದೊಡ್ಡ ಕಂಪನಿಗಳು ಲೆಕ್ಕಕ್ಕೇ ಇಡದ ಸಣ್ಣ ಊರುಗಳಿಗೆ ಹೋಗುವುದು ಸ್ಯಾಮ್ ತಂತ್ರ. ಅಗ್ಗದ ನೆಲದಲ್ಲಿ ಒಂದೇ ಮಹಡಿಯ ವಿಶಾಲ ಅಂಗಡಿ, ಮುಂದೆ ಕಾರು ನಿಲ್ಲಿಸಲು ಬಯಲು. ಚೌಕದ ಸುತ್ತ ಅಷ್ಟು ಜಾಗ ಇರುವುದು ಸಾಧ್ಯವೇ ಇರಲಿಲ್ಲ. 1990ರ ಹೊತ್ತಿಗೆ ವಾಲ್‌ಮಾರ್ಟ್ ಅಮೆರಿಕದ ಅತಿ ದೊಡ್ಡ ಚಿಲ್ಲರೆ ವ್ಯಾಪಾರಿಯಾಗಿತ್ತು.

ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಕೆನೆತ್ ಸ್ಟೋನ್ 1980ರ ದಶಕದ ಕೊನೆಯಿಂದ ಇದರ ಪರಿಣಾಮವನ್ನು ಊರೂರಿನ ಮಾರಾಟದ ಲೆಕ್ಕದಲ್ಲಿ ಹುಡುಕಿದರು. ವಾಲ್‌ಮಾರ್ಟ್ ಬಂದ ಊರಿಗೆ ಸುತ್ತಲಿನ ಗಿರಾಕಿಗಳು ಹರಿದುಬಂದರು. ಆ ಊರಿನ ಹೋಟೆಲುಗಳಿಗೆ, ವಾಲ್‌ಮಾರ್ಟ್ ಮಾರದ ವಸ್ತುಗಳ ಅಂಗಡಿಗಳಿಗೆ ಲಾಭವೂ ಆಯಿತು. ಅದೇ ಸರಕು ಮಾರುವವರಿಗೆ ಏಟು ಬಿತ್ತು. ವಾಲ್‌ಮಾರ್ಟ್ ಇಲ್ಲದ ಅಕ್ಕಪಕ್ಕದ ಪುಟ್ಟ ಊರುಗಳಂತೂ ಬಟ್ಟೆ, ಗೃಹೋಪಯೋಗಿ ಸಾಮಾನಿನ ಗಿರಾಕಿಗಳನ್ನೇ ಕಳೆದುಕೊಂಡವು.

ಇಡೀ ಹೊರೆಯನ್ನು ಒಂದು ಕಂಪನಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಟ್ರ್ಯಾಕ್ಟರು ಬಂದು ಹೊಲದ ಕೆಲಸಕ್ಕೆ ಕಡಿಮೆ ಜನ ಸಾಕಾದರು. ಹಳ್ಳಿಗಳು ಮೊದಲೇ ತೆಳುವಾಗುತ್ತಿದ್ದವು. 1956ರ ಕಾಯ್ದೆಯಿಂದ ರಾಷ್ಟ್ರವ್ಯಾಪಿ ಹೆದ್ದಾರಿ ಜಾಲ ಶುರುವಾಗಿ, ವಾಹನಗಳು ಪೇಟೆ ಹೊಗದೆ ಹೊರಗಿನಿಂದಲೇ ಸಾಗಿದವು. ಪೂರ್ತಿ ಮುಚ್ಚಿದ, ಹವಾನಿಯಂತ್ರಿತ ಮೊದಲ ಮಾಲ್ ಮಿನೆಸೋಟಾದ ಇಡೈನಾದಲ್ಲಿ ತೆರೆದದ್ದೂ ಅದೇ ವರ್ಷ. ಅದಕ್ಕೂ ಒಂದು ವರ್ಷ ಮೊದಲು, 1955ರಲ್ಲಿ, ವಾಲ್ಟ್ ಡಿಸ್ನಿ ತಮ್ಮ ಬಾಲ್ಯದ ಊರಾದ ಮಿಸೌರಿಯ ಮಾರ್ಸೆಲೀನ್ ನೆನಪಲ್ಲಿ ಡಿಸ್ನಿಲ್ಯಾಂಡಿನೊಳಗೆ ಹಳೇ ಪೇಟೆಬೀದಿಯೊಂದನ್ನು ಕಟ್ಟಿಸಿದ್ದರು. ನಿಜವಾದ ಪೇಟೆಗಳು ಗಿರಾಕಿ ಕಳೆದುಕೊಳ್ಳುತ್ತಿದ್ದಾಗ ಅವುಗಳ ಪ್ರತಿರೂಪಕ್ಕೆ ಜನ ಟಿಕೆಟ್ ಕೊಂಡು ಹೋಗತೊಡಗಿದರು.

ಪೇಟೆಯ ವ್ಯಾಪಾರಿಗಳು ಸುಮ್ಮನೆ ಕೂರಲಿಲ್ಲ. ಮಾಲಿನಂತೆ ಕಾಣಲೆಂದು ಇಟ್ಟಿಗೆಯ ಕಟ್ಟಡಗಳ ಮೇಲೆ ಅಲ್ಯುಮಿನಿಯಂ ಹಾಳೆ ಹೊದಿಸಿದರು. ಮಿಶಿಗನ್‌ನ ಕಲಮಜೂ 1959ರಲ್ಲಿ ಪೇಟೆಬೀದಿಗೆ ವಾಹನಗಳನ್ನೇ ನಿಷೇಧಿಸಿತು. ಹತ್ತಾರು ಊರುಗಳು ಅದನ್ನು ಅನುಸರಿಸಿ, ಮುಂದೆ ಬಹುತೇಕ ಕಡೆ ಮತ್ತೆ ವಾಹನಗಳಿಗೆ ಬೀದಿ ಬಿಟ್ಟುಕೊಟ್ಟವು. ಗಿರಾಕಿಗೆ ಬರಲು ಕಾರಣವೇ ಇಲ್ಲವಾದಾಗ ಮುಖದ ಮೇಲಿನ ತಗಡು, ಬೀದಿಯ ಕಲ್ಲುಹಾಸು ಏನು ಮಾಡೀತು?

ತಗಡು ಕಿತ್ತ ಮೇಲೆ

ಹಳೇ ಪೇಟೆಯನ್ನು ಉಳಿಸುವ ಕೆಲಸಕ್ಕೆ ಒಂದು ಕ್ರಮ ಸಿಕ್ಕಿದ್ದು 1977ರಲ್ಲಿ. ಪಾರಂಪರಿಕ ಕಟ್ಟಡಗಳ ರಕ್ಷಣೆಯ 'ನ್ಯಾಷನಲ್ ಟ್ರಸ್ಟ್' ಸಂಸ್ಥೆ ಇಲಿನಾಯ್‌ನ ಗೇಲ್ಸ್‌ಬರ್ಗ್, ಇಂಡಿಯಾನಾದ ಮ್ಯಾಡಿಸನ್, ದಕ್ಷಿಣ ಡಕೋಟಾದ ಹಾಟ್ ಸ್ಪ್ರಿಂಗ್ಸ್ ಎಂಬ ಮೂರು ಊರುಗಳಲ್ಲಿ 'ಮೇನ್ ಸ್ಟ್ರೀಟ್' ಎಂಬ ಪ್ರಯೋಗ ಆರಂಭಿಸಿತು. 1980ರಲ್ಲಿ ಅದು ರಾಷ್ಟ್ರಮಟ್ಟದ ಕಾರ್ಯಕ್ರಮವಾಯಿತು. ಅಲ್ಲಿಂದೀಚೆಗೆ ಎರಡು ಸಾವಿರಕ್ಕೂ ಹೆಚ್ಚು ಊರು, ಬಡಾವಣೆಗಳು ಇದರಲ್ಲಿ ತೊಡಗಿಕೊಂಡಿವೆ.

ವಿಧಾನದಲ್ಲಿ ನಾಲ್ಕು ಎಳೆ. ವ್ಯಾಪಾರಿ, ಮನೆಮಾಲೀಕ, ನಗರಸಭೆ ಒಟ್ಟಿಗೆ ಕೂರಲು ಒಂದು ಸಂಘಟನೆ. ತಗಡು ಕಿತ್ತು ಮೂಲ ಕಟ್ಟಡ ತೋರಿಸುವ ವಿನ್ಯಾಸ. ಜನರನ್ನು ಕರೆತರುವ ಪ್ರಚಾರ, ಹಬ್ಬಗಳು. ಊರಿಗೆ ನಿಜಕ್ಕೂ ಬೇಕಾದ ವ್ಯಾಪಾರ ಯಾವುದೆಂದು ಲೆಕ್ಕ ಹಾಕುವ ಆರ್ಥಿಕ ಯೋಜನೆ. ಇದನ್ನೆಲ್ಲ ನೋಡಿಕೊಳ್ಳಲು ಸಂಬಳದ ವ್ಯವಸ್ಥಾಪಕರೊಬ್ಬರು. ಮಾಲಿಗೆ ಒಬ್ಬ ವ್ಯವಸ್ಥಾಪಕ ಇರುವಾಗ ಪೇಟೆಗೇಕೆ ಬೇಡ ಎಂಬ ಸರಳ ತರ್ಕ ಅದರ ಹಿಂದಿತ್ತು.

ಕಾನೂನೂ ನೆರವಿಗೆ ಬಂತು. ಆದಾಯ ತರುವ ಪಾರಂಪರಿಕ ಕಟ್ಟಡವನ್ನು ನಿಯಮದ ಪ್ರಕಾರ ದುರಸ್ತಿ ಮಾಡಿದರೆ ಅರ್ಹ ವೆಚ್ಚದ ಶೇ 20ರಷ್ಟನ್ನು ಮಾಲೀಕರು ಕೇಂದ್ರ ತೆರಿಗೆಯಲ್ಲಿ ಕಡಿತವಾಗಿ ಪಡೆಯಬಹುದು. ಟೆಕ್ಸಸ್ 1999ರಲ್ಲಿ ಹಳೇ ಕೋರ್ಟುಗಳ ಜೀರ್ಣೋದ್ಧಾರಕ್ಕೆಂದೇ ಅನುದಾನ ತೆರೆಯಿತು. ಈವರೆಗೆ 70ಕ್ಕೂ ಹೆಚ್ಚು ಕಟ್ಟಡಗಳು ಹಳೆಯ ರೂಪಕ್ಕೆ ಮರಳಿವೆ.

ಊರುಗಳು ಹಿಡಿದ ದಾರಿ ಬೇರೆ ಬೇರೆ. ಟೆಕ್ಸಸ್‌ನ ಗ್ರಾನ್‌ಬರಿ ತನ್ನ ಚೌಕದ 1886ರ ಒಪೆರಾ ಹೌಸನ್ನು 1975ರಲ್ಲಿ ಮತ್ತೆ ತೆರೆದು ನಾಟಕದ ಊರೆನಿಸಿಕೊಂಡಿತು. ಮಿಸಿಸಿಪಿಯ ಆಕ್ಸ್‌ಫರ್ಡ್ ಕಾದಂಬರಿಕಾರ ವಿಲಿಯಂ ಫಾಕ್ನರ್ ಬಾಳಿದ ಊರು. ಅದರ ಚೌಕದಲ್ಲಿ 1979ರಲ್ಲಿ ಶುರುವಾದ 'ಸ್ಕ್ವೇರ್ ಬುಕ್ಸ್' ಪುಸ್ತಕದಂಗಡಿ ದೇಶಕ್ಕೆಲ್ಲ ಪರಿಚಿತ. ಅಂಗಡಿಯ ಮಾಲೀಕರೇ ಎರಡು ಅವಧಿಗೆ ಮೇಯರ್ ಆದರು. ಅಲ್ಲಿ ವಿಶ್ವವಿದ್ಯಾಲಯವಿದೆ, ಕೋರ್ಟಿನ ಕಲಾಪವೂ ಚೌಕದ ನೆನಪು ಮಾತ್ರವಾಗಿ ಉಳಿದಿಲ್ಲ. ಓದುಗರು, ವಿದ್ಯಾರ್ಥಿಗಳು, ಕಕ್ಷಿದಾರರು ಅದೇ ಬೀದಿಯಲ್ಲಿ ಎದುರುಬದುರಾಗುತ್ತಾರೆ.

ಹಿಂದಿರುಗಿದ ಹಣ, ಏರಿದ ಬಾಡಿಗೆ

ಬೆಂಟನ್‌ವಿಲ್‌ಗೆ ಸಿಕ್ಕ ಭಾಗ್ಯ ಬೇರೆ ಊರುಗಳಿಗಿಲ್ಲ. ಸ್ಯಾಮ್ ವಾಲ್ಟನ್ ಊರು ಬಿಡಲಿಲ್ಲ. ಕಂಪನಿಯ ಮುಖ್ಯ ಕಚೇರಿಯೂ ಇಲ್ಲೇ ಉಳಿಯಿತು. ಸಾಬೂನಿನಿಂದ ಟಿವಿವರೆಗೆ ವಾಲ್‌ಮಾರ್ಟ್‌ಗೆ ಸರಕು ಮಾರಬೇಕೆಂದವರೆಲ್ಲ ಈ ಸೀಮೆಯಲ್ಲಿ ಕಚೇರಿ ತೆರೆದರು. ಸ್ಯಾಮ್ 1992ರಲ್ಲಿ ತೀರಿಕೊಂಡರು. ಚೌಕದ ಮೊದಲ ಅಂಗಡಿ ಈಗ ಸಂಗ್ರಹಾಲಯ. ಬೇಟೆನಾಯಿಗಳನ್ನು ಕೂರಿಸಿಕೊಂಡು ಅವರು ಓಡಿಸುತ್ತಿದ್ದ 1979ರ ಫೋರ್ಡ್ ಪಿಕಪ್ ಸಂಗ್ರಹಾಲಯದ ಹೆಸರಾಂತ ವಸ್ತು.

ಚೌಕದ ದೆಸೆ ತಿರುಗಿದ್ದು 2011ರ ನವೆಂಬರ್ 11ರಂದು. ಸ್ಯಾಮ್ ಅವರ ಮಗಳು ಆ್ಯಲಿಸ್ ವಾಲ್ಟನ್ ಕಟ್ಟಿಸಿದ 'ಕ್ರಿಸ್ಟಲ್ ಬ್ರಿಜಸ್' ಕಲಾ ಸಂಗ್ರಹಾಲಯ ಅಂದು ತೆರೆಯಿತು. ವಾಸ್ತುಶಿಲ್ಪಿ ಮೋಶೆ ಸಾಫ್ಡಿ ಅದನ್ನು ಕಾಡಿನ ಕಣಿವೆಯಲ್ಲಿ, ತೊರೆಯ ನೀರು ನಿಲ್ಲಿಸಿದ ಕೊಳಗಳ ಮೇಲೆ ಕಟ್ಟಿದರು. ನ್ಯೂಯಾರ್ಕಿನವರು ಅಸೂಯೆಪಡುವಂಥ ಅಮೆರಿಕನ್ ಚಿತ್ರಗಳು ಅಲ್ಲಿವೆ, ಸಾಮಾನ್ಯ ಪ್ರವೇಶ ಉಚಿತ. ಚೌಕದಿಂದ ಅಲ್ಲಿಗೆ ಮರಗಳ ನಡುವಿನ ಕಾಲುದಾರಿಯಲ್ಲಿ ನಡೆದೇ ಹೋಗಬಹುದು. ಆಮೇಲೆ ಚೌಕದ ಬಳಿಗೆ ಹೋಟೆಲು, ಊಟದ ಮನೆಗಳು ಬಂದವು. ವಾಲ್ಟನ್ ಮೊಮ್ಮಕ್ಕಳ ಆಸಕ್ತಿಯಿಂದ ಸೈಕಲ್ ಹಾದಿಗಳ ಜಾಲವೇ ಬೆಳೆಯಿತು. 2020ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 54,164.

ಕರ್ನಾಟಕಕ್ಕೂ ಈ ಊರಿಗೂ ನೇರ ನಂಟು ಬಿದ್ದಿದೆ. 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್‌ನ ಸುಮಾರು ಶೇ 77ರಷ್ಟು ಪಾಲನ್ನು ವಾಲ್‌ಮಾರ್ಟ್ 2018ರಲ್ಲಿ 1,600 ಕೋಟಿ ಡಾಲರಿಗೆ ಕೊಂಡಿತು. ಕಂಪನಿಯ ದೊಡ್ಡ ತಂತ್ರಜ್ಞಾನ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲೇ ಇದೆ. ಹಾಗಾಗಿ ಬೆಂಟನ್‌ವಿಲ್ ಎಂಬ ಹೆಸರು ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ನೆಂಟರೂರಿನ ಹೆಸರಿನಂತೆ ಬಳಕೆಯಲ್ಲಿದೆ.

ಈ ಭಾಗ್ಯಕ್ಕೆ ಬೆಲೆಯೂ ಇದೆ. ಚೌಕದ ಸುತ್ತಲಿನ ಮನೆಗಳ ದರ ಏರಿತು. ಸಣ್ಣ ಹಳೇ ಮನೆಗಳನ್ನು ಕೆಡವಿ ದೊಡ್ಡವನ್ನು ಕಟ್ಟಿದರು. ಶಾಲೆಯಲ್ಲಿ ಪಾಠ ಹೇಳುವವರು, ಊಟದ ಮನೆಯಲ್ಲಿ ಬಡಿಸುವವರು ದೂರದ ಊರುಗಳಲ್ಲಿ ಮನೆ ಹುಡುಕಬೇಕಾಯಿತು. ಒಂದು ಕುಟುಂಬದ ಒಲವಿನ ಮೇಲೆ ನಿಂತ ಪೇಟೆ ಆ ಕುಟುಂಬದ ಅಭಿರುಚಿಯನ್ನೇ ಹೋಲುತ್ತದೆ ಎಂಬ ಗೊಣಗಾಟವೂ ಇದೆ. ಒಂದು ಕಾಲದಲ್ಲಿ ಮೊಳೆ, ದಾರ, ಔಷಧಿ ಮಾರಿದ ಸಾಲಿನಲ್ಲಿ ಈಗ ಹೆಚ್ಚಾಗಿ ಸಿಗುವುದು ಕಾಫಿ, ಐಸ್‌ಕ್ರೀಮು, ಉಡುಗೊರೆ. ದಿನಸಿಗೆ ಊರಿನವರೂ ಕಾರು ಹತ್ತಿ ವಾಲ್‌ಮಾರ್ಟ್‌ಗೇ ಹೋಗುತ್ತಾರೆ.

ಮಂಗಳವಾರದ ಪರೀಕ್ಷೆ

ಅಬ್ಜಾಧಿಪತಿಗಳಿಲ್ಲದ ಸಾವಿರಾರು ಊರುಗಳು ಏನು ಮಾಡಬೇಕು? ಅವುಗಳ ಕೈಯಲ್ಲಿರುವ ದೊಡ್ಡ ಆಸ್ತಿ ಸರ್ಕಾರಿ ಕಚೇರಿಗಳೇ. ಪಾರ್ಕಿಂಗ್ ಸಾಲದು, ಕಟ್ಟಡ ಹಳೆಯದು ಎಂಬ ಕಾರಣಕ್ಕೆ ಕೋರ್ಟನ್ನೋ ಅಂಚೆ ಕಚೇರಿಯನ್ನೋ ಹೆದ್ದಾರಿಯ ಬದಿಗೆ ಸಾಗಿಸುವ ಪ್ರಸ್ತಾಪ ಆಗಾಗ ಬರುತ್ತದೆ. ಕೋರ್ಟು ಹೋದರೆ ಹಿಂದೆಯೇ ವಕೀಲರು ಹೋಗುತ್ತಾರೆ. ವಕೀಲರು ಹೋದರೆ ಮಧ್ಯಾಹ್ನದ ಊಟದ ಹೋಟೆಲು ಮುಚ್ಚುತ್ತದೆ. ಹೋಟೆಲು ಮುಚ್ಚಿದ ಬೀದಿಗೆ ಔಷಧಿ ಅಂಗಡಿಯೂ ಭಾರವಾಗುತ್ತದೆ.

ಇದು ಗೊತ್ತಿದ್ದೇ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ, ಪಟ್ಟಣಗಳಲ್ಲಿ ಕೇಂದ್ರ ಸರ್ಕಾರದ ಕಚೇರಿಗಳಿಗೆ ಊರ ನಡುವಿನ ಪೇಟೆಯನ್ನೇ ಮೊದಲು ನೋಡಬೇಕೆಂದು ಆದೇಶ ಹೊರಡಿಸಿದರು. 1996ರಲ್ಲಿ ಬಿಲ್ ಕ್ಲಿಂಟನ್ ಅದಕ್ಕೆ ಪಾರಂಪರಿಕ ಕಟ್ಟಡಗಳನ್ನು ಸೇರಿಸಿದರು. ಬಾಡಿಗೆ ಉಳಿತಾಯದ ಕಾರಣ ಕೊಟ್ಟು ಡೊನಾಲ್ಡ್ ಟ್ರಂಪ್ 2025ರ ಏಪ್ರಿಲ್‌ನಲ್ಲಿ ಎರಡೂ ಆದೇಶಗಳನ್ನು ರದ್ದುಮಾಡಿದ್ದಾರೆ. ಕಚೇರಿಯನ್ನು ಊರಾಚೆಗೆ ಒಯ್ದರೆ ಬಾಡಿಗೆಯಲ್ಲಿ ಉಳಿಯುವುದು ಕಡತದಲ್ಲಿ ಕಾಣುತ್ತದೆ. ಬಿಟ್ಟುಹೋದ ಬೀದಿ ಕಳೆದುಕೊಳ್ಳುವುದು ಯಾವ ಕಡತಕ್ಕೂ ಸೇರುವುದಿಲ್ಲ.

ಆದ್ದರಿಂದ ಇಂಥ ಊರಿಗೆ ಹೋಗುವವರು ಶನಿವಾರದ ಜನಜಂಗುಳಿಯನ್ನಷ್ಟೇ ನೋಡಿ ಮಾರುಹೋಗಬೇಕಿಲ್ಲ. ಸಾಧ್ಯವಾದರೆ ಮಂಗಳವಾರ ಮಧ್ಯಾಹ್ನವೊಮ್ಮೆ ಹೋಗಬೇಕು. ಜಮೀನಿನ ಪತ್ರ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತುವವರು, ಗ್ರಂಥಾಲಯಕ್ಕೆ ಪುಸ್ತಕ ಹಿಂದಿರುಗಿಸುವವರು, ಚಪ್ಪಲಿ ಹೊಲಿಸಲು ಬಂದವರು, ಮಾತ್ರೆ ಕೊಳ್ಳಲು ನಿಂತವರು ಎಷ್ಟು ಜನ ಸಿಗುತ್ತಾರೆಂದು ಗಮನಿಸಬೇಕು. ಪ್ರವಾಸಿಯ ಉತ್ಸಾಹ ಮುಂದಿನ ವರ್ಷ ಇನ್ನೊಂದು ಊರಿಗೆ ಹೊರಳಬಹುದು. ಊರಿನವರ ಕೆಲಸ ಹಾಗೆ ಹೊರಳುವುದಿಲ್ಲ, ಯಾರಾದರೂ ಅದನ್ನು ಎತ್ತಿ ಊರಾಚೆ ಇಟ್ಟರಷ್ಟೇ.